ತಲೆಗೊಂದು ಟ್ರೀಟ್‌ಮೆಂಟು

"ಸ್ವಲ್ಪ ಟೋಪಿ ತೆಗೀರಿ ಸರ್," ಎಂದ ಫೋಟೋದವನು.

"ಟೋಪಿ ಹಾಕಿಲ್ಲ ಕಣಪ್ಪಾ. ಅದು ಕೂದಲು."

ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು, ಬರಿಗಣ್ಣಿನಿಂದ ಇನ್ನೊಮ್ಮೆ ನೋಡಿ, "ಹೌದಲ್ವಾ!" ಎಂದು ಉದ್ಗರಿಸಿದ. "ಏನಾದ್ರೂ ಮಾಡಿ ಅದನ್ನ ಒಂಚೂರು ಕೂರಿಸಿ ಸರ್. ಗುರುತಿನ ಚೀಟಿಯ ಚೌಕದಲ್ಲಿ ಕೂದಲು ಹಿಡಿಸಿದ್ರೆ ಮುಖ ಮೂಗಿನ ತನಕ ಮಾತ್ರ ಬರುತ್ತೆ. ಮುಖ ಪೂರ್ತಿ ಬೇಕಂದ್ರೆ ಕೂದಲಿಗೆ ಇನ್ನೊಂದು ಚೀಟಿ ಮಾಡಿಸ್ಬೇಕು."

ಸಾಲಿನಲ್ಲಿ ನಿಂತಿದ್ದ ಇಡೀ ತೂಕ-ಅಳತೆ ಕಚೇರಿ ಗೊಳ್ಳೆಂದು ನಕ್ಕಿತು. ಟೈಪಿಸ್ಟಮ್ಮನಂತೂ ಗೋಡೆ ಹಿಡಿದುಕೊಂಡು ನಕ್ಕರು. ಫೋಟೋದವನು ಶುಕ್ರವಾರ ಮತ್ತೆ ಬರುವುದಾಗಿ ಹೇಳಿ ಹೋದ.

ನಗುವಿಗೆ ಗುರಿಯಾದವರು ಆ ಕಚೇರಿಯ ತಪಾಸಣೆ ಗುಮಾಸ್ತರು. ವ್ಯಾಪಾರಿಗಳು ತರುವ ತಕ್ಕಡಿಗಳ ಮೇಲೆ ಇಲಾಖೆಯ ಹಿತ್ತಾಳೆ ಬಟ್ಟುಗಳನ್ನಿಟ್ಟು, ತೂಕ ಸರಿಯಿದ್ದರೆ ಸೀಸದ ಬಿಲ್ಲೆಯ ಮೇಲೆ ಮುದ್ರೆ ಒತ್ತಿ ಕಳಿಸುವುದು ಅವರ ಇಪ್ಪತ್ತೆರಡು ವರ್ಷಗಳ ಕೆಲಸ. ಅವರ ಕೂದಲು ಹುಟ್ಟಿನಿಂದಲೇ ಒರಟು. ಗಟ್ಟಿಯಾಗಿ, ನೆಟ್ಟಗೆ, ಯಾರ ಮಾತೂ ಕೇಳದೆ ಮೇಲ್ಮುಖವಾಗಿ ನಿಲ್ಲುವಂಥದ್ದು. ಹಾಗಾಗಿ ಕಚೇರಿಯಲ್ಲಿ ಅವರಿಗೆ ಬೆನ್ನ ಹಿಂದೆ 'ಪೊರಕೆ', ಎದುರಿಗೆ 'ಪೊರಕೆ ಸಾಹೇಬರು' ಎಂಬ ಹೆಸರು. ಗೌರವ ಎಂಬುದು ಎದುರಿಗೆ ಮಾತ್ರ ಕೊಡಬೇಕಾದ್ದೆಂದು ಆ ಕಚೇರಿಗೆ ಚೆನ್ನಾಗಿ ಗೊತ್ತಿತ್ತು.

ಸ್ವಭಾವದಲ್ಲಿ ಮಾತ್ರ ಪೊರಕೆಯವರು ತಮ್ಮ ಕೂದಲಿಗೆ ತದ್ವಿರುದ್ಧ. ಎಲ್ಲಿ ಬಾಗಿಸಿದರೂ ಬಾಗುವವರು. ಆ ದಿನಗಳಲ್ಲಿ ಅವರ ಮೇಜಿನ ಮೇಲೆ ಒಂದು ಮೊಳೆ ವ್ಯಾಪಾರಿಯ ತಕ್ಕಡಿ ಮೂರು ತಿಂಗಳಿಂದ ಬಂದು ಹೋಗಿ ಮಾಡುತ್ತಿತ್ತು. ಒಂದು ಕಿಲೋಗೆ ಅರವತ್ತು ಗ್ರಾಂ ನುಂಗುವ ತಕ್ಕಡಿ ಅದು. ಅದರ ಮಾಲೀಕ ಸೂಪರಿಂಟೆಂಡೆಂಟರ ಹೆಂಡತಿಯ ತಮ್ಮ. ಮುದ್ರೆ ಒತ್ತಲು ಪೊರಕೆಯವರಿಗೆ ಮನಸ್ಸಿಲ್ಲ, ಒತ್ತುವುದಿಲ್ಲ ಎನ್ನಲು ಬಾಯಿಲ್ಲ. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ, "ಸೀಸ ಮುಗಿದಿದೆ ಸರ್, ಮುಂದಿನ ವಾರ ಬನ್ನಿ" ಎಂದು ಹೇಳಿಕೊಂಡು ದಿನ ದೂಡುತ್ತಿದ್ದರು. ಸೀಸದ ಬಿಲ್ಲೆಗಳ ಡಬ್ಬವನ್ನು ಊಟದ ಡಬ್ಬಿಯ ಚೀಲದಲ್ಲಿ ಬಚ್ಚಿಡುತ್ತಿದ್ದರು.

ಫೋಟೋದ ಅವಮಾನವಾದ ಸಂಜೆಯೇ ಅವರು ಸಲೂನಿಗೆ ಹೋದರು. ಸಲೂನಿನವನು ಈಚೆಗಷ್ಟೇ ತನ್ನ ಅಂಗಡಿಯ ಬೋರ್ಡು ಬದಲಿಸಿ 'ಕೇಶ ಆರೋಗ್ಯ ಕೇಂದ್ರ' ಎಂದು ಬರೆಸಿ, ಬಿಳಿ ಕೋಟು ಹಾಕಲು ಶುರುಮಾಡಿದ್ದ. ಪೊರಕೆಯವರ ಒಂದೆಳೆ ಕೂದಲನ್ನು ಬೆರಳಲ್ಲಿ ತೀಡಿ, ದೀಪಕ್ಕೆ ಹಿಡಿದು, ನಿಟ್ಟುಸಿರಿಟ್ಟ.

"ಎಷ್ಟು ವರ್ಷದಿಂದ ಹೀಗಿದೆ?"

"ಹುಟ್ಟಿದಾಗಿಂದ."

"ನಿಮ್ಮ ಕೂದಲಿಗೆ ಬಾಯಾರಿಕೆ ಆಗಿದೆ ಸರ್."

"ದಿನಾ ನೀರು ಹಾಕ್ತೀನಲ್ಲಪ್ಪಾ!"

"ಹಾಕ್ತೀರಿ, ಅದು ಹಿಡ್ಕೊಳ್ಳಲ್ಲ." ಅವನು ಕಪಾಟಿನಿಂದ ಒಂದು ತೆಳ್ಳಗಿನ ಬಾಟಲಿ ತೆಗೆದ. "ಇದು ಲೀವ್-ಇನ್ ಟ್ರೀಟ್‌ಮೆಂಟು. ತಲೆ ತೊಳೀರಿ. ಟವೆಲ್ಲಲ್ಲಿ ಒತ್ತಿ, ಉಜ್ಜಬೇಡಿ. ಒದ್ದೆ ಇರುವಾಗ್ಲೇ ಬಟಾಣಿಯಷ್ಟು ತಗೊಂಡು ಕೂದಲಿನ ಅರ್ಧದಿಂದ ತುದಿವರೆಗೆ ಹಚ್ಚಿ. ಬುಡಕ್ಕೆ ಬೇಡ. ಅಗಲ ಹಲ್ಲಿನ ಬಾಚಣಿಗೇಲಿ ಬಾಚಿ. ಆಮೇಲೆ ಬಿಟ್ಟುಬಿಡಿ."

"ಬಿಟ್ಟು?"

"ಬಿಟ್ಟು ಅಷ್ಟೆ. ತೊಳೆಯೋ ಹಾಗಿಲ್ಲ. ಅದು ಅಲ್ಲೇ ಇದ್ಕೊಂಡು ಕೆಲಸ ಮಾಡುತ್ತೆ. ಮೊದಲನೇ ದಿನ ಧೂಳಿಗೆ ಮಾತ್ರ ಹೋಗ್ಬೇಡಿ."

ಧೂಳಿಗೆ ಹೋಗಬಾರದು ಎಂದರೆ ಕಚೇರಿಗೆ ಹೋಗಬಾರದು ಎಂದೇ ಅರ್ಥ. ಪೊರಕೆಯವರು ಬುಧವಾರ ರಜೆ ಹಾಕಿದರು.

ಬುಧವಾರ ಬೆಳಿಗ್ಗೆ ತಲೆ ತೊಳೆದು, ಹೆಗಲ ಮೇಲೆ ಟವೆಲ್ ಹೊದ್ದು, ಕನ್ನಡಿಯ ಮುಂದೆ ಕೂತ ಮೇಲೆ ಒಂದು ಇಲಾಖಾ ಸಮಸ್ಯೆ ಎದುರಾಯಿತು. ಬಟಾಣಿಯಷ್ಟು ಎಂದರೆ ಎಷ್ಟು? ಹಸಿ ಬಟಾಣಿಯೋ, ಒಣ ಬಟಾಣಿಯೋ, ನೆನೆಹಾಕಿದ್ದೋ? ಜೀವಮಾನವಿಡೀ ಗ್ರಾಂ ಲೆಕ್ಕದಲ್ಲಿ ಬದುಕಿದ ಮನುಷ್ಯ ಅವರು. ಅಡುಗೆಮನೆಯಿಂದ ಮೂರು ಬಗೆಯ ಕಾಳುಗಳನ್ನೂ ತರಿಸಿ ಸಾಲಾಗಿ ಇಟ್ಟರು.

"ಕೂದಲಿಗೆ ಹಚ್ಚೋದಾ, ಹುಳಿ ಮಾಡೋದಾ?" ಎಂದು ಕೇಳಿದರು ಅವರ ಅತ್ತೆ. ಮಗಳ ಮನೆಗೆ ಹದಿನೈದು ದಿನಕ್ಕೆಂದು ಬಂದು ಆರನೇ ವರ್ಷ ನಡೆಯುತ್ತಿದ್ದ ಅನುಭವಿ ಹೆಂಗಸು.

ಹೆಂಡತಿ ಮಾತ್ರ ಶಾಂತವಾಗಿ, "ನೆನೆದದ್ದೇ ಇಟ್ಕೊಳ್ಳಿ. ಇಷ್ಟು ವರ್ಷದ ಹಟ ಅದು, ಒಣ ಬಟಾಣಿಗೆ ಬಗ್ಗಲ್ಲ" ಎಂದು ತೀರ್ಪು ಕೊಟ್ಟು ತನ್ನ ಕೆಲಸಕ್ಕೆ ಹೋದಳು.

ಎರಡೂ ಅಂಗೈಗೆ ಔಷಧಿ ಮೆತ್ತಿಕೊಂಡಿದ್ದಾಗ ಫೋನು ಹೊಡೆದುಕೊಂಡಿತು. ಎತ್ತಿದವರು ಅತ್ತೆ. ಆ ಕಡೆ ಸೂಪರಿಂಟೆಂಡೆಂಟರು. ಅವರ ಬಾಮೈದ ತಕ್ಕಡಿ ಸಮೇತ ಬಂದು ಕೂತಿದ್ದ.

"ಸ್ವಲ್ಪ ಅವರಿಗೆ ಫೋನ್ ಕೊಡಿ."

"ಕೊಡೋ ಹಾಗಿಲ್ಲ. ಅಳಿಯಂದ್ರ ತಲೆಗೆ ಟ್ರೀಟ್‌ಮೆಂಟ್ ನಡೀತಿದೆ."

"ತಲೆಗಾ?"

"ತಲೆಗೇ. ಇವತ್ತಿಂದ ಶುರು."

ಆ ಕಡೆಯ ದನಿ ತಗ್ಗಿತು. "ನಮಗೂ ಸ್ವಲ್ಪ ಅನುಮಾನ ಇತ್ತು ಅನ್ನಿ."

"ಅನುಮಾನ ಏನ್ ಬಂತು, ಕಣ್ಣಿಗೇ ಕಾಣುತ್ತಲ್ಲ! ಬೆಳಿಗ್ಗೆ ಎದ್ದಾಗ ನೋಡ್ಬೇಕು ನೀವು. ಪಕ್ಕದ ಮನೆ ಮಗು ಒಂದ್ಸಲ ಕಿಟಾರ್ ಅಂತ ಕಿರುಚಿಬಿಟ್ಟಿತ್ತು. ನನ್ನ ಮಗಳಾಗಿದ್ದಕ್ಕೆ ಹದಿನೆಂಟು ವರ್ಷ ಸಹಿಸ್ಕೊಂಡಿದ್ದಾಳೆ."

"ಛೆ ಛೆ. ಮುಂಚಿನಿಂದಲೂ ಹೀಗೇನಾ?"

"ಅವರಪ್ಪಂಗೂ ಹೀಗೇ ಇತ್ತಂತೆ. ಮದುವೆಗೆ ಮುಂಚೆ ನಮಗೆ ಟೋಪಿ ಹಾಕಿದ ಫೋಟೋ ತೋರ್ಸಿದ್ರು."

"ಪೂರ್ತಿ ವಾಸಿ ಆಗುತ್ತಂತಾ?"

"ವಾಸಿ ಎಲ್ಲಿಂದ ಬರುತ್ತೆ? ದಿನಾ ಔಷಧಿ ಬಿದ್ರೆ ಸಾಧುವಾಗಿ ಬಿದ್ದಿರುತ್ತಂತೆ. ಒಂದು ದಿನ ತಪ್ಪಿದ್ರೆ ಮತ್ತೆ ಕೆರಳುತ್ತೆ."

"ಈಗ... ಈಗ ಏನ್ ಮಾಡ್ತಿದ್ದಾರೆ?"

ಅತ್ತೆ ಇಣುಕಿ ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದರು. "ಕನ್ನಡಿ ಮುಂದೆ ಕೂತು, ತಮ್ಮನ್ನೇ ನೋಡ್ಕೊಂಡು ನಗ್ತಿದ್ದಾರೆ. ಎದುರಿಗೆ ಬಟಾಣಿ ಜೋಡಿಸಿಟ್ಕೊಂಡಿದ್ದಾರೆ."

ಇಲಿ ಎಂದರೆ ಹುಲಿ ಎನ್ನುವ ಲೋಕದಲ್ಲಿ ಹುಲಿ ಎಂದೇ ಹೇಳಿಬಿಟ್ಟರೆ ಕೇಳಬೇಕೆ! ಮಧ್ಯಾಹ್ನದ ಚಹಾದ ಹೊತ್ತಿಗೆ ಪೊರಕೆಯವರಿಗೆ ಕರೆಂಟು ಕೊಡುತ್ತಿದ್ದಾರೆಂದಾಯಿತು. ಸಂಜೆಯ ಹೊತ್ತಿಗೆ ಕಟ್ಟಿಹಾಕಿದ್ದಾರೆಂದೂ ಆಯಿತು. "ನಾವು ಅವತ್ತು ಫೋಟೋ ವಿಷಯಕ್ಕೆ ನಕ್ಕಿದ್ದೇ ತಪ್ಪಾಯ್ತೇನೋ" ಎಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಲ್ಲೇ ತಮ್ಮ ಬೀದಿಯ ನಾಲ್ಕು ಮನೆಗೆ ಫೋನು ಮಾಡಿದರು. ಪೊರಕೆಯವರದ್ದೂ ಅದೇ ಬೀದಿ.

ಗುರುವಾರ ಪೊರಕೆಯವರು ಕಚೇರಿಗೆ ಕಾಲಿಟ್ಟಾಗ ಕೂದಲು ರೇಷ್ಮೆಯಂತೆ ಮಲಗಿತ್ತು. ಒಂದು ಸಣ್ಣ ಜೊಂಪೆ ಹಣೆಯ ಮೇಲೂ ಇಳಿದಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಇಡೀ ಕಚೇರಿ ಅವರನ್ನು ಕಂಡು ಎದ್ದು ನಿಂತಿತು.

'ಒಂದು ಬಟಾಣಿಯಷ್ಟಕ್ಕೇ ಇಷ್ಟು!' ಎಂದುಕೊಂಡರು ಪೊರಕೆಯವರು.

ಟೈಪಿಸ್ಟಮ್ಮ ತಮ್ಮ ಕುರ್ಚಿಯ ದಿಂಬನ್ನು ತಂದು ಇವರ ಕುರ್ಚಿಗೆ ಹಾಕಿದರು. ಯಾರೋ ಇವರ ಮೇಜನ್ನು ಕಿಟಕಿಯ ಪಕ್ಕದಿಂದ ಒಳಗೋಡೆಗೆ ಸರಿಸಿದ್ದರು. ಬಿಸಿಲು ಬೀಳದಿರಲೆಂದು ಇರಬೇಕು, ಕೂದಲಿಗೆ ಬಿಸಿಲು ಒಳ್ಳೆಯದಲ್ಲ. ಮೇಜಿನ ಮೇಲಿದ್ದ ಕತ್ತರಿ, ಕಾಗದ ಸೀಳುವ ಚಾಕು, ಗುಂಡುಸೂಜಿಯ ಡಬ್ಬಿ ಎಲ್ಲ ಮಾಯವಾಗಿದ್ದವು. ಐದು ಕಿಲೋದ ಬಟ್ಟುಗಳನ್ನು ಕೈಗೆಟುಕದ ಕಪಾಟಿನ ಮೇಲಿಟ್ಟಿದ್ದರು. ಬೇಕೆಂದಾಗ ಇಬ್ಬರು ಓಡಿಬಂದು ಇಳಿಸಿಕೊಡುತ್ತಿದ್ದರು, ಕೊಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಚಹಾ ಗಾಜಿನ ಲೋಟದ ಬದಲು ಕಾಗದದ ಕಪ್ಪಿನಲ್ಲಿ ಬಂತು. ಸೂಪರಿಂಟೆಂಡೆಂಟರು ಖುದ್ದಾಗಿ ಬಂದು, ಎಳೆಗೂಸನ್ನು ಮಾತಾಡಿಸುವವರಂತೆ, "ಊಟ ಆಯ್ತಾ? ನಿದ್ದೆ ಬಂತಾ? ಮನೆಗೆ ಹೋಗ್ಬೇಕಾ?" ಎಂದು ವಿಚಾರಿಸಿದರು. ಬಾಕಿ ಬಿದ್ದಿದ್ದ ಮೂವತ್ತು ಫೈಲುಗಳನ್ನು ಉಳಿದವರು ಹಂಚಿಕೊಂಡಿದ್ದರು.

ಶುಕ್ರವಾರ ಫೋಟೋದವನು ಒಂದೇ ಏಟಿಗೆ ಫೋಟೋ ಹೊಡೆದು ಹೋದ. ಯಾರೂ ನಗಲಿಲ್ಲ.

ಅಂದೇ ಮಧ್ಯಾಹ್ನ ಮೊಳೆ ವ್ಯಾಪಾರಿ ಬಂದ. ಭಾವನ ಕೋಣೆಯಲ್ಲಿ ಅವನಿಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು. ಕುರ್ಚಿಯ ತುದಿಯಲ್ಲಿ ಕೂತು, ತಕ್ಕಡಿ ಮುಂದಿಟ್ಟ. ಪೊರಕೆಯವರು ಒಂದು ಕಿಲೋ ಬಟ್ಟು ಇಟ್ಟು, ಮುಳ್ಳು ನೋಡಲು ಬಗ್ಗಿದಾಗ ರೇಷ್ಮೆಯಂಥ ಜೊಂಪೆ ಕಣ್ಣಿಗೆ ಬಿತ್ತು. ಹೊಸ ಕೂದಲು ಬಂದವರ ಸಹಜ ಸಡಗರದಲ್ಲಿ ತಲೆಯನ್ನು ಒಮ್ಮೆ ಜೋರಾಗಿ ಕೊಡವಿದರು. ವ್ಯಾಪಾರಿ ಕುರ್ಚಿ ಸಮೇತ ಒಂದಡಿ ಹಿಂದೆ ಹೋದ.

"ಕಿಲೋಗೆ ಅರವತ್ತು ಗ್ರಾಂ ನುಂಗುತ್ತೆ," ಎಂದರು ಪೊರಕೆಯವರು. ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಒಳ್ಳೆಯ ಕೂದಲು ಮನುಷ್ಯನಿಗೆ ಎಂಥ ಧೈರ್ಯ ಕೊಡುತ್ತದೆ ನೋಡಿ! ಕೊಡವಿದರೂ ಜೊಂಪೆ ಮತ್ತೆ ಬಿತ್ತು, ಮತ್ತೆ ಕೊಡವಿದರು. "ಸರಿ ಮಾಡಿಸ್ಕೊಂಡು ಬನ್ನಿ. ಹೀಗೇ ತಂದ್ರೆ ಮುದ್ರೆ ಒತ್ತಲ್ಲ."

"ಆಗ್ಲಿ, ಆಗ್ಲಿ ಸ್ವಾಮಿ, ನೀವು ಉದ್ವೇಗ ಮಾಡ್ಕೋಬೇಡಿ," ಎನ್ನುತ್ತ ವ್ಯಾಪಾರಿ ತಕ್ಕಡಿ ಎತ್ತಿಕೊಂಡು, ಬೆನ್ನು ತೋರಿಸದೆ ಹಿಮ್ಮುಖವಾಗಿಯೇ ಬಾಗಿಲು ದಾಟಿದ.

ಸುದ್ದಿ ಪೇಟೆಗೆ ಹಬ್ಬಿತು. ಮುಂದಿನ ಮೂರು ವಾರ ಆ ಕಚೇರಿಗೆ ಬಂದ ಒಂದೊಂದು ತಕ್ಕಡಿಯೂ ಚಿನ್ನದಂಥ ತಕ್ಕಡಿ. ತಲೆ ಕೊಡವುವ ಮನುಷ್ಯನ ಎದುರು ಹತ್ತು ಗ್ರಾಂ ಹೆಚ್ಚುಕಮ್ಮಿ ಮಾಡಿ ಪ್ರಾಣಕ್ಕೆ ತಂದುಕೊಳ್ಳಲು ಯಾವ ವ್ಯಾಪಾರಿಗೂ ಮನಸ್ಸಾಗಲಿಲ್ಲ.

ಬೀದಿಯಲ್ಲೂ ಬದಲಾವಣೆ ಕಾಣಿಸಿತು. ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರು ಒಂದು ಸಂಜೆ ಇವರನ್ನು ಗೇಟಿನ ಬಳಿ ನಿಲ್ಲಿಸಿ, ಕಿವುಡರೊಡನೆ ಮಾತಾಡುವಂತೆ ನಿಧಾನವಾಗಿ ಗಟ್ಟಿದನಿಯಲ್ಲಿ ಕೇಳಿದರು.

"ಇವತ್ತು. ಯಾವ. ವಾರ?"

ಅಯ್ಯೋ ಪಾಪ, ಮಾಸ್ತರಿಗೆ ಮರೆವು ಶುರುವಾಯಿತೇ ಎಂದು ಪೊರಕೆಯವರಿಗೆ ಕರುಳು ಚುರುಕ್ಕೆಂದಿತು. ಅವರೂ ಅಷ್ಟೇ ನಿಧಾನವಾಗಿ, "ಮಂಗಳ. ವಾರ" ಎಂದರು.

"ನಿಮ್ಮ ಮನೆ ಯಾವುದು ಹೇಳಿ ನೋಡೋಣ?"

"ಇದು ನನ್ನದು. ಅದು ನಿಮ್ಮದು ಮಾಸ್ತರೇ. ಹಸಿರು ಬಾಗಿಲು. ಬನ್ನಿ, ನಾನೇ ಬಿಟ್ಟು ಬರ್ತೀನಿ."

"ಬೇಡ ಬೇಡ, ನಾನೇ ನಿಮ್ಮನ್ನ ಬಿಡ್ತೀನಿ."

ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ರಸ್ತೆಯನ್ನು ನಾಲ್ಕು ಬಾರಿ ದಾಟಿದರು. ಕೊನೆಗೆ ಅವರವರ ಮನೆಯವರು ಬಂದು ಅವರವರನ್ನು ಕರೆದುಕೊಂಡು ಹೋದರು. ಆ ರಾತ್ರಿ ಎರಡೂ ಮನೆಯಲ್ಲಿ "ಎಂಥ ಮನುಷ್ಯ, ಹೀಗಾಗಿಬಿಟ್ಟರಲ್ಲ" ಎಂಬ ಮಾತು ನಡೆಯಿತು.

ಇತ್ತ ಸೂಪರಿಂಟೆಂಡೆಂಟರ ಕರುಣೆ ಮೂರನೆಯ ವಾರಕ್ಕೆ ಬತ್ತಿಹೋಯಿತು. ಬಾಮೈದನ ತಕ್ಕಡಿಗೆ ಮುದ್ರೆ ಬೀಳದೆ ಅಂಗಡಿಯಲ್ಲಿ ಮೊಳೆ ತೂಗುವಂತಿರಲಿಲ್ಲ. ಮುದ್ರೆ ಬೀಳದೆ ಮನೆಯಲ್ಲಿ ಸೂಪರಿಂಟೆಂಡೆಂಟರಿಗೆ ಹೆಂಡತಿಯ ನಗುಮುಖವೂ ಇರಲಿಲ್ಲ. ಅವರು ಯೋಚಿಸಿ ಒಂದು ದಾರಿ ಹುಡುಕಿದರು. ಮನುಷ್ಯನಿಗೆ ಹುಚ್ಚಿದ್ದರೆ ಆ ಕುರ್ಚಿಯಿಂದ ಎಬ್ಬಿಸುವುದು. ಇಲ್ಲದಿದ್ದರೆ ಗದರಿಸಿ ಮುದ್ರೆ ಒತ್ತಿಸುವುದು. ಎರಡಕ್ಕೂ ಒಂದು ಸರ್ಟಿಫಿಕೇಟು ಬೇಕು. ಪೊರಕೆಯವರ ಕೈಗೆ ಮೊಹರು ಮಾಡಿದ ಲಕೋಟೆ ಕೊಟ್ಟು, "ಮಾಮೂಲಿ ಪರೀಕ್ಷೆ, ಎಲ್ಲರಿಗೂ ಇರುತ್ತೆ" ಎಂದು ದೊಡ್ಡಾಸ್ಪತ್ರೆಗೆ ಅಟ್ಟಿದರು.

ಡಾಕ್ಟರು ಲಕೋಟೆ ಒಡೆದು ಓದಿ, ಕನ್ನಡಕ ಸರಿಮಾಡಿಕೊಂಡು, ಮೃದುವಾಗಿ ಶುರುಮಾಡಿದರು.

"ಜನ ನಿಮ್ಮನ್ನೇ ನೋಡ್ತಿದ್ದಾರೆ ಅಂತ ಏನಾದ್ರೂ ಅನ್ಸುತ್ತಾ?"

"ಅನ್ಸೋದೇನು ಡಾಕ್ಟರೇ, ನೋಡ್ತಾರೆ! ನಾನು ಒಳಗೆ ಹೋದ್ರೆ ಎದ್ದು ನಿಲ್ತಾರೆ."

ಡಾಕ್ಟರು ಬರೆದುಕೊಂಡರು. "ಅಧಿಕಾರಿಗಳು?"

"ಅವರೂನೂ. ಊಟ ಆಯ್ತಾ ಅಂತ ಕೇಳ್ತಾರೆ. ವ್ಯಾಪಾರಿಗಳಂತೂ ನಡುಗ್ತಾರೆ."

ಡಾಕ್ಟರು ಇನ್ನೂ ಎರಡು ಸಾಲು ಬರೆದರು. "ಈ ಶಕ್ತಿ ನಿಮಗೆ ಯಾವಾಗಿಂದ ಬಂತು?"

"ಬಾಟಲಿ ಶುರು ಮಾಡಿದಾಗಿಂದ."

"ಓಹೋ! ದಿನಕ್ಕೆ ಎಷ್ಟು?"

"ಒಂದು ಬಟಾಣಿಯಷ್ಟು. ನೆನೆದ ಬಟಾಣಿ."

ಡಾಕ್ಟರ ಪೆನ್ನು ನಿಂತಿತು. ಪೊರಕೆಯವರು ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಓದಿದರು, ಮುಚ್ಚಳ ತೆಗೆದು ಮೂಸಿದರು, ಪೊರಕೆಯವರ ತಲೆಯನ್ನು ನೋಡಿದರು. ಆಮೇಲೆ ಐದು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಸೂಪರಿಂಟೆಂಡೆಂಟರ ಪತ್ರವನ್ನು ಇವರತ್ತ ತಿರುಗಿಸಿ ಇಟ್ಟರು. 'ಸದರಿ ನೌಕರರು ವಂಶಪಾರಂಪರ್ಯ ಬುದ್ಧಿಭ್ರಮಣೆಯಿಂದ ಬಳಲುತ್ತಿದ್ದು, ಬಟಾಣಿಗಳೊಂದಿಗೆ ಸಂಭಾಷಿಸುವುದು, ಕಾರಣವಿಲ್ಲದೆ ತಲೆ ಕೊಡವುವುದು...'

ಪೊರಕೆಯವರು ಓದಿದರು. ದಿಂಬು, ಕಾಗದದ ಕಪ್ಪು, ಮಾಯವಾದ ಕತ್ತರಿ, ಹಿಮ್ಮುಖವಾಗಿ ನಡೆದ ವ್ಯಾಪಾರಿ ಎಲ್ಲ ಒಂದೊಂದಾಗಿ ಅರ್ಥವಾದವು. ಮುಖ ಇಷ್ಟಾಯಿತು.

"ಇದರಲ್ಲಿ ಬೇಜಾರು ಮಾಡ್ಕೊಳ್ಳೋದೇನಿದೆ?" ಎಂದರು ಡಾಕ್ಟರು, 'ಸಂಪೂರ್ಣ ಸ್ವಸ್ಥ' ಎಂದು ಬರೆದು ನೀಲಿ ಮುದ್ರೆ ಒತ್ತುತ್ತ. "ಅಂದಹಾಗೆ, ಅದು ಗುಂಗುರು ಕೂದಲಿಗೂ ಆಗುತ್ತಾ? ನನ್ನ ಹೆಂಡತಿ ಕೇಳ್ತಿದ್ಲು."

ಮಧ್ಯಾಹ್ನ ಎರಡಕ್ಕೆ ಸೂಪರಿಂಟೆಂಡೆಂಟರು ಸರ್ಟಿಫಿಕೇಟನ್ನು ಕಚೇರಿಯ ನಡುವೆ ನಿಂತು ಗಟ್ಟಿಯಾಗಿ ಓದಿದರು. ಒಬ್ಬ ಸಹೋದ್ಯೋಗಿಯ ಬುದ್ಧಿ ನೆಟ್ಟಗಿದೆಯೆಂದು ಗೊತ್ತಾದಾಗ ಜನ ಸಂತೋಷಪಡುತ್ತಾರೆಂದು ನೀವು ತಿಳಿದಿದ್ದರೆ, ನೀವು ಕಚೇರಿಯಲ್ಲಿ ಕೆಲಸ ಮಾಡಿಲ್ಲವೆಂದೇ ಹೇಳಬೇಕು.

"ಕೂದಲಿಗಾ?" ಎಂದು ಚೀರಿದರು ಟೈಪಿಸ್ಟಮ್ಮ. "ಕೂದಲಿಗೆ ಕ್ರೀಮ್ ಹಚ್ಕೊಂಡು ಮೂರು ವಾರ ನಮ್ಮ ಕೈಲಿ ಸೇವೆ ಮಾಡಿಸ್ಕೊಂಡ್ರಾ? ಏಳಿ ಮೇಲೆ, ನನ್ನ ದಿಂಬು ಕೊಡಿ!"

"ನಾನು ಕೇಳಿರ್ಲಿಲ್ಲ..."

"ಬೇಡ ಅಂತಾನೂ ಹೇಳ್ಲಿಲ್ಲವಲ್ಲ!" ಎಂದ ಇನ್ನೊಬ್ಬ. "ಹುಚ್ಚಿಲ್ಲದೆ ಇರೋದನ್ನ ಮುಚ್ಚಿಟ್ಟು ಮೋಸ ಮಾಡಿದ್ದೀರಿ."

ಮೂವತ್ತು ಫೈಲುಗಳು ತವರು ಮನೆಗೆ ಬಂದಂತೆ ಇವರ ಮೇಜಿಗೆ ಬಂದು ಬಿದ್ದವು. ಒಬ್ಬರ ಮುಖದಲ್ಲಿ ಮಾತ್ರ ನಗುವಿತ್ತು. ಸೂಪರಿಂಟೆಂಡೆಂಟರು ಆಗಲೇ ಫೋನು ಮಾಡಿಯಾಗಿತ್ತು. ಅರ್ಧ ಗಂಟೆಯಲ್ಲಿ ಬಾಮೈದ ತಕ್ಕಡಿಯೊಂದಿಗೆ ಪ್ರತ್ಯಕ್ಷನಾದ. ಈ ಸಲ ಕುರ್ಚಿಯ ತುದಿಯಲ್ಲಿ ಕೂರಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಒರಗಿ ಕೂತ.

ಪೊರಕೆಯವರು ಬಟ್ಟು ಇಟ್ಟು ನೋಡಿದರು. ಅದೇ ಅರವತ್ತು ಗ್ರಾಂ.

"ಸರ್, ಇದು ಇನ್ನೂ ನುಂಗ್ತಿದೆ," ಎಂದರು. ದನಿ ಹಳೆಯ ದನಿಯಾಗಿತ್ತು.

"ನೋಡ್ರೀ," ಎಂದರು ಸೂಪರಿಂಟೆಂಡೆಂಟರು, ಸರ್ಟಿಫಿಕೇಟನ್ನು ಅವರ ಮೂಗಿನ ಮುಂದೆ ಆಡಿಸುತ್ತ. "ಹುಚ್ಚ ಅಂತ ಇಷ್ಟು ದಿನ ಬಿಟ್ಟಿದ್ದೆ. ಈಗ ಡಾಕ್ಟರೇ ಬರೆದುಕೊಟ್ಟಿದ್ದಾರೆ, ನಿಮ್ಮ ತಲೆ ಸರಿ ಇದೆ ಅಂತ. ತಲೆ ಸರಿ ಇರೋ ಯಾವನಾದ್ರೂ ಅರವತ್ತು ಗ್ರಾಂಗೋಸ್ಕರ ತನ್ನ ಅಧಿಕಾರಿನ ಎದುರು ಹಾಕ್ಕೊಳ್ತಾನಾ? ಒತ್ರೀ ಮುದ್ರೆ."

ವ್ಯಾಪಾರಿ ಕಿಸಕ್ಕನೆ ನಕ್ಕ. ಉಳಿದವರೂ ನಕ್ಕರು. ಪೊರಕೆಯವರು ಊಟದ ಚೀಲದಿಂದ ಸೀಸದ ಬಿಲ್ಲೆಯ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಒಂದು ಬಿಲ್ಲೆ ಆರಿಸಿದರು. ಮತ್ತೆ ಅದನ್ನು ಡಬ್ಬಕ್ಕೇ ಹಾಕಿದರು.

"ಆ ಸರ್ಟಿಫಿಕೇಟು ಒಂದ್ಸಲ ಕೊಡಿ ಸರ್. ನೋಡಿ ಕೊಡ್ತೀನಿ."

ಸೂಪರಿಂಟೆಂಡೆಂಟರು ಕೊಟ್ಟರು. ಪೊರಕೆಯವರು ಅದನ್ನು ಮೊದಲಿಂದ ಕೊನೆಯವರೆಗೆ ಓದಿದರು. ಎರಡಾಗಿ ಮಡಚಿದರು. ನಾಲ್ಕಾಗಿ ಮಡಚಿದರು. ಎಂಟಾಗಿ ಮಡಚಿ, ಬಾಯಿಗೆ ಹಾಕಿಕೊಂಡು, ಅಗಿಯತೊಡಗಿದರು.

ಕಚೇರಿಯಲ್ಲಿ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಭಾವಾ..." ಎಂದ ವ್ಯಾಪಾರಿ. ಕಾಲ ಮೇಲಿನ ಕಾಲು ತಾನಾಗಿ ಇಳಿದಿತ್ತು.

ಪೊರಕೆಯವರು ಅವನನ್ನೇ ದಿಟ್ಟಿಸಿ ನೋಡುತ್ತ, ಅವಸರವಿಲ್ಲದೆ ನುಂಗಿದರು. ನೀಲಿ ಮುದ್ರೆಯಿದ್ದ ಮೂಲೆ ಗಂಟಲಲ್ಲಿ ಸ್ವಲ್ಪ ತಕರಾರು ಮಾಡಿದಂತೆ ಕಾಣಿಸಿತು. ಅದೂ ಇಳಿದ ಮೇಲೆ ತುಟಿ ಒರೆಸಿಕೊಂಡು, "ಆ ತಕ್ಕಡೀನ ಸ್ವಲ್ಪ ಹತ್ರ ತನ್ನಿ" ಎಂದರು.

ವ್ಯಾಪಾರಿ ತಕ್ಕಡಿಯನ್ನು ಮಗುವಿನಂತೆ ಎದೆಗವಚಿಕೊಂಡು ಓಡಿದ. ಮೆಟ್ಟಿಲ ಮೇಲೆ ಏನೋ ಉರುಳಿದ ಸದ್ದಾಯಿತು. ಸೂಪರಿಂಟೆಂಡೆಂಟರು ಗೋಡೆಗೆ ಒರಗಿಕೊಂಡೇ ತಮ್ಮ ಕೋಣೆಯವರೆಗೆ ಸರಿದು, "ನೀವು... ನೀವು ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದು ಹೇಳಿ ಒಳಗಿನಿಂದ ಚಿಲಕ ಹಾಕಿಕೊಂಡರು. ಟೈಪಿಸ್ಟಮ್ಮ ದಿಂಬನ್ನು ದೂರದಿಂದಲೇ ಎಸೆದರು.

ಐದು ಗಂಟೆಗೆ ತಕ್ಕಡಿ ಇನ್ನೊಮ್ಮೆ ಬಂತು. ತಂದವನು ಅಂಗಡಿಯ ಲೆಕ್ಕಿಗ. ಮಾಲೀಕ ಬೀದಿಯ ಆ ತುದಿಯಲ್ಲೇ ನಿಂತಿದ್ದ. ಸಾವಿರ ಗ್ರಾಂ ಇಟ್ಟರೆ ಮುಳ್ಳು ಸಾವಿರವನ್ನೇ ತೋರಿಸಿತು. ಹತ್ತಿರಹತ್ತಿರ ನಾಲ್ಕು ತಿಂಗಳು ಇಬ್ಬರು ದೊಡ್ಡ ಮನುಷ್ಯರು ಹರಸಾಹಸ ಮಾಡಿ ತಪ್ಪಿಸಿಕೊಂಡು ಬಂದದ್ದು ಒಂದು ಸ್ಕ್ರೂ ತಿರುಗಿಸುವ ಕೆಲಸವನ್ನು. ಪೊರಕೆಯವರು ಮುದ್ರೆ ಒತ್ತಿ ಮನೆಗೆ ಹೊರಟರು.

ಮನೆಯಲ್ಲಿ ಹೆಂಡತಿ ಮತ್ತು ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಆಸ್ಪತ್ರೆಗೆ ಕಳಿಸಿದ್ದಾರೆಂಬ ಸುದ್ದಿ ಡ್ರಿಲ್ ಮಾಸ್ತರ ಮೂಲಕ ತಲುಪಿತ್ತು.

"ಡಾಕ್ಟರು ಏನಂದ್ರು? ಏನಾದ್ರೂ ಬರ್ಕೊಟ್ರಾ?" ಎಂದು ಕೇಳಿದಳು ಹೆಂಡತಿ.

"ಕೊಟ್ರು."

"ಎಲ್ಲಿ?"

"ತಿಂದೆ."

ಹೆಂಡತಿ ಬೆಪ್ಪಾಗಿ ನಿಂತಳು. ಅತ್ತೆ ಮಾತ್ರ ಅಳಿಯನನ್ನು ಕಣ್ಣು ಕಿರಿದು ಮಾಡಿ ನೋಡಿ, ಗಂಭೀರವಾಗಿ ಕೇಳಿದರು.

"ಅದು ಊಟಕ್ಕೆ ಮುಂಚೆ ತಗೊಳ್ಳೋದಾ, ಊಟ ಆದ್ಮೇಲಾ?"